ಹಾಯಿ ಸುತ್ತುವ ವಿದ್ಯೆ

ಮೈಸೂರಿನವರಿಗೂ ಹಾಯಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ತಪ್ಪಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ಬೀಸುವ ಗಾಳಿ ಪಂಚೆಯ ಅಂಚನ್ನು ಅಲುಗಿಸೀತು. ದೋಣಿಯನ್ನು ನೂಕುವ ಹಂಬಲ ಅದಕ್ಕಿಲ್ಲ. ಆದರೂ ಭವಸಾಗರವನ್ನು ದಾಟಿಸುವ ಅಂಬಿಗನನ್ನು ನಾನು ವರ್ಷವರ್ಷವೂ ತರಗತಿಗೆ ಕರೆತರುತ್ತೇನೆ. ಗಾಳಿ ಮಿತಿಮೀರಿದಾಗ ಆ ಅಂಬಿಗ ಹಾಯಿಯನ್ನು ಏನು ಮಾಡುತ್ತಾನೆ ಎಂದು ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ. ಈಗ ಕೇಳಿದರೆ ಉತ್ತರ ಹೇಳಬಲ್ಲೆ.

ಆ ಉತ್ತರ ಕಲಿಸಿದವನು ನನ್ನ ಅಕ್ಕನ ಮಗ. ಇಂಜಿನಿಯರ್ ಆಗಿರುವ ಈ ಹುಡುಗ ಗೆಳೆಯನೊಡನೆ ಸೇರಿ 26 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಗೋವೆಯಲ್ಲಿ ಕಟ್ಟಿಟ್ಟಿದ್ದಾನೆ. ಅಲ್ಲಿಂದ ಕಾರವಾರ, ಹೊನ್ನಾವರ, ಮಲ್ಪೆಗಳನ್ನು ಮುಟ್ಟುತ್ತ ಮಂಗಳೂರಿಗೆ ಬರುವುದು ಅವನ ಸಂಕಲ್ಪ. ಇದನ್ನು ಕೇಳಿದಂದಿನಿಂದ ಅಕ್ಕನಿಗೆ ನಿದ್ರೆಯಿಲ್ಲ. “ನಿನ್ನ ಮಾತು ಕೇಳ್ತಾನೆ, ಹೋಗಿ ಬುದ್ಧಿ ಹೇಳು” ಎಂದು ನನ್ನನ್ನು ಬಸ್ಸು ಹತ್ತಿಸಿದಳು. ಬುದ್ಧಿ ಹೇಳಲು ಹೋದವನ ಕೈಗೆ ಅವನು ಹಗ್ಗದ ತುದಿಯೊಂದನ್ನು ಕೊಟ್ಟು, “ಮಾವ, ಇದನ್ನು ಬಿಡಬೇಡಿ” ಎಂದ. ಉಪದೇಶ ಅಲ್ಲಿಗೆ ಮುಂದಕ್ಕೆ ಹೋಯಿತು.

ಆ ದಿನ ದೋಣಿಗೆ ಸುತ್ತುಹಾಯಿಯ ಸಲಕರಣೆ ಜೋಡಿಸುವ ಕೆಲಸ ನಡೆದಿತ್ತು. ಕೂವೆಮರದ ನೆತ್ತಿಯಿಂದ ದೋಣಿಯ ಮೂತಿಗೆ ಬಿಗಿದ ತಂತಿಗೆ ಮುಂದಿನ ಹಾಯಿಯನ್ನು ಕೊಂಡಿಗಳಿಂದ ಸಿಕ್ಕಿಸುವುದು ಹಳೆಯ ಪದ್ಧತಿ. ಗಾಳಿ ಕೆರಳಿದಾಗ ಅದನ್ನಿಳಿಸಲು ಯಾರಾದರೂ ಮೂತಿಯವರೆಗೆ ತೆವಳಬೇಕು. ಅಲೆ ಹೆಚ್ಚಾಗಿ ಎತ್ತಿ ಕುಕ್ಕುವುದೂ ಅಲ್ಲಿಯೇ. ಹೊಸ ಪದ್ಧತಿಯಲ್ಲಿ ಆ ತಂತಿಗೆ ಅಲ್ಯೂಮಿನಿಯಂ ಕೊಳವೆಯನ್ನು ತೊಡಿಸುತ್ತಾರೆ. ಕೊಳವೆಯ ಸೀಳಿನಲ್ಲಿ ಹಾಯಿಯ ಅಂಚು ಕೂರುತ್ತದೆ. ಬುಡದಲ್ಲೊಂದು ರಾಟೆ, ಮೇಲೊಂದು ತಿರುಗುವ ಕೊಂಡಿ. ರಾಟೆಗೆ ಸುತ್ತಿದ ಹಗ್ಗವನ್ನು ದೋಣಿಯ ಹಿಂಬದಿಯಲ್ಲಿ ಕುಳಿತು ಎಳೆದರೆ ಕೊಳವೆ ತಿರುಗಿ, ಹಾಯಿ ಮದುವೆಮನೆಯ ಜಮಖಾನದಂತೆ ಸುತ್ತಿಕೊಳ್ಳುತ್ತದೆ. ಹಾಯಿಯ ಹಗ್ಗವನ್ನೆಳೆದರೆ ಅದು ಬಿಚ್ಚಿಕೊಳ್ಳುತ್ತದೆ; ರಾಟೆ ತನ್ನ ಹಗ್ಗವನ್ನು ತಾನೇ ಸುತ್ತಿಕೊಳ್ಳುತ್ತದೆ.

ಕೇಳಲು ಇಷ್ಟೆ, ಜೋಡಿಸುವಾಗ ಛಂದಸ್ಸಿನಷ್ಟೇ ಕಟ್ಟುನಿಟ್ಟು. ಹಾಯಿಯನ್ನೆತ್ತುವ ಹಗ್ಗ ಆ ತಂತಿಗೆ ಸಮಾನಾಂತರವಾಗಿ ಇರಬಾರದು. ಮೇಲಿನ ಕೊಂಡಿಯನ್ನು ಸುಮಾರು 10 ಡಿಗ್ರಿ ಓರೆಯಾಗಿ ಕೂವೆಯ ಕಡೆಗೆ ಜಗ್ಗಬೇಕು. ಇಲ್ಲದಿದ್ದರೆ ಅದೂ ತಂತಿಯ ಸುತ್ತ ಹೆಣೆದುಕೊಂಡು ಎಲ್ಲವನ್ನೂ ಕಚ್ಚಿಹಿಡಿಯುತ್ತದೆ. ಇವನ ಹಾಯಿ ತುಸು ಗಿಡ್ಡ. ಅದರ ತಲೆಗೆ ತುಂಡು ಹಗ್ಗ ಸೇರಿಸಿ ಕೊಂಡಿಯನ್ನು ತಕ್ಕ ಎತ್ತರಕ್ಕೇರಿಸಿದ. ರಾಟೆಯಲ್ಲಿ ಲೆಕ್ಕಕ್ಕಿಂತ ಐದಾರು ಸುತ್ತು ಹೆಚ್ಚಾಗಿಯೇ ಇಟ್ಟ. ಬಿರುಗಾಳಿಯಲ್ಲಿ ಹಾಯಿ ಬಿಗಿಯಾಗಿ ಸುತ್ತಿಕೊಳ್ಳುವುದರಿಂದ ಸುತ್ತು ಹೆಚ್ಚು ಬೇಕು. ಆಮೇಲೂ ಅದು ಬಿಚ್ಚದಂತೆ ಹಾಯಿಯ ಹಗ್ಗಗಳು ಅದನ್ನು ಎರಡು ಮೂರು ಬಾರಿ ಬಳಸಬೇಕು. ಅಂಚಿಗೆ ಹೊಲಿದ ಬಿಸಿಲುಪಟ್ಟಿ ಹೊರಗೆ ಬರುವಂತೆ ಸುತ್ತುವ ದಿಕ್ಕನ್ನೂ ಮೊದಲೇ ಗೊತ್ತುಮಾಡಿದ. ಅದು ಒಳಗಾದರೆ ಹಾಯಿಯ ಬಟ್ಟೆಯನ್ನೇ ಸೂರ್ಯ ತಿನ್ನುತ್ತಾನೆ.

ಸಮುದ್ರ ಇಷ್ಟಕ್ಕೆಲ್ಲ ಮಣಿಯುವುದೆ? ಗೋವೆಯಲ್ಲೇ ಕಟ್ಟಿದ ‘ತಾರಿಣಿ’ಯಲ್ಲಿ ನೌಕಾಪಡೆಯ ಆರು ಮಹಿಳೆಯರು 2017ರ ಸೆಪ್ಟೆಂಬರಿನಲ್ಲಿ ಹೊರಟು 2018ರ ಮೇ ತಿಂಗಳಲ್ಲಿ ಭೂಮಿಯನ್ನು ಸುತ್ತಿ ಬಂದರು, 2024-25ರಲ್ಲಿ ಅದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಇಬ್ಬರೇ ಸುತ್ತಿದರು. ಆದರೆ ಅಭಿಲಾಷ್ ಟಾಮಿಯವರಂಥ ಪಳಗಿದ ನಾವಿಕರ ಕೂವೆಯನ್ನೇ 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿ ಮುರಿದು, ಅವರ ಬೆನ್ನೆಲುಬಿಗೂ ಪೆಟ್ಟುಮಾಡಿತು. ಅವರೇ 2023ರಲ್ಲಿ ಅದೇ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು ಎರಡನೆಯವರಾಗಿ ಮುಗಿಸಿದರು. ಎರಡು ಕಥೆಯನ್ನೂ ಹುಡುಗ ಬಲ್ಲ. ರಾಟೆ ಕೆಟ್ಟರೆ ಇರಲೆಂದು ಹಾಯಿಯನ್ನು ಕೈಯಿಂದಲೇ ಇಳಿಸುವುದನ್ನೂ ಅಂದು ಮೂರು ಸಲ ಅಭ್ಯಾಸಮಾಡಿದ.

ಊರಿಗೆ ಬಂದು ಅಕ್ಕನಿಗೆ ಹೇಳಿದೆ: “ದಿನವಿಡೀ ಅವನು ಹಿಂಜರಿಯುವ ಸಿದ್ಧತೆಯನ್ನೇ ಮಾಡುತ್ತಿದ್ದ.”

“ಸುತ್ತೋದು ಕಲಿತ, ಸರಿ. ಯಾವಾಗ ಸುತ್ತಬೇಕು ಅನ್ನೋದು?” ಎಂದಳು.

ಈ ಪ್ರಶ್ನೆಯನ್ನು ಫೋನಿನಲ್ಲಿ ಅವನಿಗೇ ದಾಟಿಸಿದೆ. ನಾವಿಕರಲ್ಲಿ ಹಳೆಯ ಮಾತೊಂದಿದೆಯಂತೆ: ಹಾಯಿಯನ್ನು ಕಿರಿದುಮಾಡಬೇಕೇ ಎಂಬ ಅನುಮಾನ ಮೊದಲು ಮೂಡಿದ ಗಳಿಗೆಯೇ ಕಿರಿದುಮಾಡುವ ಗಳಿಗೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಾತಿಗೆ ಎಂದೂ ಬಡತನವಿಲ್ಲದ ನಾನೂ ಸುಮ್ಮನಿದ್ದೆ. ಅನುಮಾನ ಮೂಡಿದ ಮೇಲೂ ಬಿಚ್ಚಿಯೇ ಇಟ್ಟ ಹಾಯಿಗಳು ಯಾರ ಬಾಳಿನಲ್ಲಿ ಇಲ್ಲ?

ಕೊನೆಗೆ ಅಕ್ಕ ತೀರ್ಪು ಕೊಟ್ಟಳು: “ಮಳೆಗಾಲ ಮುಗೀಲಿ. ನವೆಂಬರಿನಲ್ಲಿ ಹೊರಡಲಿ. ಒಂದೊಂದು ಬಂದರು ಮುಟ್ಟಿದ ಕೂಡಲೇ ನನಗೆ ಫೋನು ಬರಬೇಕು.” ನಮ್ಮ ಕರಾವಳಿಯ ಪತ್ತೆಮಾರಿಗಳೂ ಹಿಂದೆ ಮಳೆಗಾಲಕ್ಕೆ ದಡ ಸೇರುತ್ತಿದ್ದವು, ದೋಣಿ ಹತ್ತದ ಅಕ್ಕ ಅದೇ ನಿರ್ಣಯಕ್ಕೆ ಬಂದಿದ್ದಳು. ಹುಡುಗ ಒಪ್ಪಿದ.