ದೂರದ ಮಸೂರವನ್ನು ಕೊಂಡುದು

ವಯಸ್ಸು ಅರವತ್ತಾದ ಮೇಲೆ ಮನುಷ್ಯನಿಗೆ ಹೊಸದೊಂದು ಹವ್ಯಾಸ ಅಂಟಿಕೊಂಡರೆ, ಅದರ ಖರ್ಚಿನ ಸಮರ್ಥನೆಯನ್ನು ಮನೆಯಲ್ಲಿ ಒಪ್ಪಿಸುವುದೇ ಆ ಹವ್ಯಾಸದ ಅತ್ಯಂತ ಕಠಿಣವಾದ ಭಾಗವೆಂದು ಅನುಭವಸ್ಥರಾದ ವಾಚಕರು ಬಲ್ಲರು. ನನಗೆ ಹಕ್ಕಿಗಳ ಛಾಯಾಚಿತ್ರ ತೆಗೆಯುವ ಗೀಳು ಹಿಡಿದುದು ನಿವೃತ್ತನಾಗಿ ಚಿಕ್ಕಲಸಂದ್ರದಲ್ಲಿ ನೆಲಸಿದ ಮೇಲೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಸ್ಥಳವು ಈಗ ನಗರದೊಳಗೆ ಕರಗಿಹೋಗಿರುವುದಾದರೂ, ಉತ್ತರಹಳ್ಳಿಯನ್ನು ದಾಟಿದರೆ ತುರಹಳ್ಳಿಯ ಬಂಡೆಗಳೂ ಕಾಡೂ ಬಹಳ ದೂರವಲ್ಲ. ನಡುವೆ ಅಲ್ಲಲ್ಲಿ ಮನೆಗಳೇಳದೆ ಉಳಿದ ನಿವೇಶನಗಳ ಬಯಲುಗಳೂ ಉಂಟು. ಮಗನು ತಾನು ಬಿಟ್ಟ ಹಳೆಯ ಕ್ಯಾಮೆರಾವನ್ನು ನನಗೆ ಕೊಟ್ಟಿದ್ದನು. ಅದರೊಡನೆ ಬಂದ ಮಸೂರದ ಸಂಗಮದೂರ ಹೆಚ್ಚೆಂದರೆ ೫೫ ಮಿಲಿಮೀಟರು.

ಮೊದಲನೆಯ ವರ್ಷದ ಏಪ್ರಿಲ್ ತಿಂಗಳಲ್ಲಿ ಅಂತಹ ಒಂದು ಬಯಲಿನಲ್ಲಿ ಟಿಟ್ಟಿಭವೊಂದು ಮೊಟ್ಟೆಯಿಟ್ಟಿತ್ತು. ಪಂಚತಂತ್ರದಲ್ಲಿ ಸಮುದ್ರದೊಡನೆ ಜಗಳವಾಡಿದ ದಂಪತಿಗಳ ಕುಲದ ಹಕ್ಕಿಯದು. ಗೂಡೆಂಬುದು ಹೆಸರಿಗೆ ಮಾತ್ರ. ಬರಿಯ ನೆಲದ ಮೇಲೆ, ಕಲ್ಲುಹರಳುಗಳ ನಡುವೆ, ಹರಳಿನ ಬಣ್ಣದವೇ ಆದ ನಾಲ್ಕು ಮೊಟ್ಟೆಗಳು. ನಾನು ಬಗ್ಗಿ, ತೆವಳಿ, ನಾಲ್ಕು ಮೀಟರಿನಷ್ಟು ಸಮೀಪಕ್ಕೆ ಹೋದೆನು. ಹಕ್ಕಿ ಎದ್ದು ಕೂಗುತ್ತ ನನ್ನ ತಲೆಯ ಮೇಲೆ ಸುತ್ತಿತು. ಅದು ಮರಳಿ ಬಂದು ಕೂಡಲಿ, ಚಿತ್ರ ತೆಗೆಯುವೆನೆಂದು ಅಲ್ಲಿಯೇ ಕಾದೆನು. ಬಿಸಿಲಿನ ವೇಳೆಯಲ್ಲಿ ಟಿಟ್ಟಿಭವು ಮೊಟ್ಟೆಗಳ ಮೇಲೆ ಕೂಡುವುದು ಕಾವು ಕೊಡುವುದಕ್ಕಿಂತಲೂ ನೆರಳು ಕೊಡುವುದಕ್ಕೆಂದು ಆಗ ನನಗೆ ತಿಳಿಯದು. ಒಂದು ಗಂಟೆಯ ಮೇಲೆ, ಚಿತ್ರವೂ ಇಲ್ಲದೆ, ಎದ್ದು ಬಂದೆನು. ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಹಕ್ಕಿಯಿರಲಿಲ್ಲ. ಎರಡು ಮೊಟ್ಟೆಗಳ ಚಿಪ್ಪು ಬಿದ್ದಿತ್ತು, ಮಿಕ್ಕೆರಡು ಕಾಣೆಯಾಗಿದ್ದವು. ಕಾಗೆಗಳ ಮೇಲೆ ತಪ್ಪು ಹೊರಿಸಬಹುದಾಗಿತ್ತು. ಆದರೆ ಮೊಟ್ಟೆಯಿರುವ ತಾವನ್ನು ಕಾಗೆಗಳಿಗೆ ಬೆರಳಿಟ್ಟು ತೋರಿಸಿದವನು ನಾನೇ ಎಂಬುದು ನನ್ನ ಮನಸ್ಸಿಗೆ ಗೊತ್ತಿತ್ತು.

ಅಂದಿನ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆನು. ಫಲಕದ ಮೇಲೆ ಬೀಳುವ ಬಿಂಬದ ಅಳತೆಯೆಂದರೆ, ವಸ್ತುವಿನ ಉದ್ದವನ್ನು ಸಂಗಮದೂರದಿಂದ ಗುಣಿಸಿ ಅಂತರದಿಂದ ಭಾಗಿಸಿದಷ್ಟು. ಟಿಟ್ಟಿಭದ ಉದ್ದ ಸುಮಾರು ೩೫ ಸೆಂಟಿಮೀಟರು. ಮೂವತ್ತು ಮೀಟರಿನಿಂದ ನನ್ನ ೫೫ರ ಮಸೂರದಲ್ಲಿ ಅದರ ಬಿಂಬ ಮಿಲಿಮೀಟರಿನ ಮೂರನೆಯ ಎರಡು ಪಾಲೂ ಆಗದು; ರಾಗಿಯ ಕಾಳಿಗಿಂತ ಚಿಕ್ಕದು. ಐದು ಮಿಲಿಮೀಟರಿನ ಬಿಂಬ ಬೇಕಾದರೆ ನಾಲ್ಕು ಮೀಟರಿಗೆ ಹೋಗಲೇಬೇಕು. ಅಂದರೆ ನಾನು ಅಷ್ಟು ಹತ್ತಿರ ಹೋದುದು ಕೇವಲ ನನ್ನ ಅವಿವೇಕದಿಂದಲ್ಲ, ನನ್ನ ಮಸೂರದ ಬಡತನದಿಂದಲೂ ಹೌದು. ಇದನ್ನು ಹೆಂಡತಿಗೆ ವಿವರಿಸಿದಾಗ ಅವಳು, "ಹಾಗಾದರೆ ದೂರದಿಂದ ನೋಡಿಕೊಂಡು ಬನ್ನಿ, ಚಿತ್ರವೇತಕ್ಕೆ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕೂಡಿಟ್ಟಿದ್ದ ನಲವತ್ತು ಸಾವಿರ ರೂಪಾಯಿ ಸೋರುತ್ತಿದ್ದ ತಾರಸಿಗೆಂದು ಮೀಸಲಾಗಿದ್ದಿತು. ಒಂದು ವಾರದ ಮೇಲೆ ಅವಳೇ, "ತಾರಸಿ ಇನ್ನೊಂದು ಮಳೆಗಾಲ ಸೋರಲಿ ಬಿಡಿ, ನೀವು ಆ ಮೊಟ್ಟೆಗಳ ಮಾತನ್ನು ಮಾತ್ರ ನಿಲ್ಲಿಸಿ," ಎಂದಳು.

ಇನ್ನು ಆಯ್ಕೆಯ ಕಷ್ಟ. ದೂರದ ಮಸೂರಗಳು ದುಬಾರಿಯಾಗಿರುವುದಕ್ಕೆ ಕಾರಣ ಸರಳವಾದುದು. ಎಫ್ ಸಂಖ್ಯೆಯೆಂದರೆ ಸಂಗಮದೂರವನ್ನು ಬೆಳಕಿನ ದ್ವಾರದ ವ್ಯಾಸದಿಂದ ಭಾಗಿಸಿದ ಲಬ್ಧ. ೬೦೦ ಮಿಲಿಮೀಟರಿನ ಮಸೂರ ಎಫ್ ೬.೩ ಆಗಬೇಕಾದರೆ ೯೫ ಮಿಲಿಮೀಟರಿನ ದ್ವಾರ ಬೇಕು. ಎಫ್ ೪ ಆಗಬೇಕಾದರೆ ೧೫೦. ಅಷ್ಟಗಲದ ಗಾಜನ್ನು ದೋಷವಿಲ್ಲದೆ ಉಜ್ಜಿ ಜೋಡಿಸುವುದಕ್ಕೆ ಬೆಲೆ ತೆರಲೇಬೇಕಷ್ಟೆ. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ ೧೫೦-೬೦೦ರ ಮಸೂರಗಳು ಬಂದ ಮೇಲೆ ಮಧ್ಯಮವರ್ಗದವರಿಗೂ ಆಸೆ ಹುಟ್ಟಿತೆಂಬುದು ನಿಜ. ಆದರೆ ಹೊಸದರ ಬೆಲೆ ನನ್ನ ಗಂಟಿನ ಇಮ್ಮಡಿಯನ್ನೂ ಮೀರಿತ್ತು. ತೂಕ ಎರಡು ಕಿಲೋಗ್ರಾಮಿಗೆ ಸಮೀಪ. ೫೦೦ರ ಕನ್ನಡಿ ಮಸೂರವು ಅಗ್ಗ, ಹಗುರ. ಆದರೆ ಎಫ್ ೮ರಲ್ಲಿಯೇ ನಿಂತಿರುವುದು, ಹಿನ್ನೆಲೆಯ ಹೊಳಪುಗಳನ್ನೆಲ್ಲ ಉದ್ದಿನವಡೆಗಳಂತೆ ತೋರಿಸುವುದು. ೭೦-೩೦೦ರದು ಕೈಗೆಟುಕುವುದು, ಆದರೆ ಅಗ್ಗದವು ಕೊನೆಯ ಮುನ್ನೂರರ ಬಳಿಯಲ್ಲಿಯೇ ಮಸುಕಾಗುವುವು. ಹಕ್ಕಿಯವನಿಗೆ ಬೇಕಾದುದು ಆ ಕೊನೆಯೇ ಅಲ್ಲವೆ?

ಬಹಳ ವಿಚಾರ ಮಾಡಿ, ೩೦೦ ಮಿಲಿಮೀಟರು ಎಫ್ ೪ರ ಸ್ಥಿರ ಮಸೂರವೊಂದನ್ನು ಯಾರಾದರೂ ಬಳಸಿ ಬಿಟ್ಟುದನ್ನು ಕೊಳ್ಳುವುದೆಂದೂ, ಅದರ ಹಿಂದೆ ೧.೪ರ ಕನ್ವರ್ಟರನ್ನು ಸೇರಿಸುವುದೆಂದೂ ನಿಶ್ಚಯಿಸಿದೆನು. ಆಗ ಸಂಗಮದೂರ ೪೨೦ ಆಗುವುದು. ಬೆಳಕು ಅರ್ಧವಾಗಿ ಎಫ್ ೫.೬ಕ್ಕೆ ಇಳಿಯುವುದು. ಇಮ್ಮಡಿಯ ಕನ್ವರ್ಟರಾದರೆ ಎಫ್ ೮ ಆಗಿ, ನನ್ನಂತಹ ಹಳೆಯ ಕ್ಯಾಮೆರಾ ತಾನಾಗಿ ಸ್ಫುಟಗೊಳಿಸಲಾರದೆ ತಡಕಾಡುವುದು. ಮೂವತ್ತು ಮೀಟರಿನಿಂದ ೪೨೦ರಲ್ಲಿ ಟಿಟ್ಟಿಭದ ಬಿಂಬ ಹತ್ತಿರ ಹತ್ತಿರ ಐದು ಮಿಲಿಮೀಟರು. ನನಗೆ ಬೇಕಾದುದು ಅಷ್ಟೆ.

ಹಳೆಯ ಮಸೂರವನ್ನು ಕೊಳ್ಳುವವರು ಒಂದು ಟಾರ್ಚನ್ನು ಜೇಬಿನಲ್ಲಿಟ್ಟುಕೊಂಡು ಹೋಗತಕ್ಕದ್ದು. ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿದರೆ ಒಳಗಿನ ಬೂಷ್ಟು ಜೇಡರಬಲೆಯ ಎಳೆಗಳಂತೆ ಕಾಣುವುದು. ನಾನು ಮೊದಲು ನೋಡಿದುದು ಹೊರಗೆ ಮದುಮಗನಂತೆ ಹೊಳೆಯುತ್ತಿತ್ತು, ಒಳಗೆ ಬೂಷ್ಟು ಹಬ್ಬಿತ್ತು. ಎರಡನೆಯದರ ಮೈಯೆಲ್ಲ ಗೀರು, ಗಾಜು ಮಾತ್ರ ನಿರ್ಮಲ. ಅದನ್ನೇ ತಂದೆನು. ಧೂಳಿನ ಒಂದೆರಡು ಕಣಗಳಿದ್ದರೆ ಚಿತ್ರಕ್ಕೇನೂ ಕುಂದಿಲ್ಲ.

ಈ ಊರಿನವರೇ ಆದ ಇ. ಹನುಮಂತರಾಯರೂ ಟಿ. ಎನ್. ಎ. ಪೆರುಮಾಳರೂ, ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರೂ (೧೯೩೮-೨೦೦೭) ಹಕ್ಕಿಗಳನ್ನು ಚಿತ್ರಿಸಿದ ಕಾಲದಲ್ಲಿ ಒಂದು ಸುರುಳಿಗೆ ಮೂವತ್ತಾರೇ ಚಿತ್ರ. ತೆಗೆದುದು ಹೇಗೆ ಬಂದಿದೆಯೆಂದು ತಿಳಿಯಲು ದಿನಗಟ್ಟಲೆ ಕಾಯಬೇಕು. ಅವರ ಕೈಯಲ್ಲಿದ್ದ ಬಂಡವಾಳದಲ್ಲಿ ಅರ್ಧಕ್ಕಿಂತ ಹೆಚ್ಚು ತಾಳ್ಮೆಯೇ ಆಗಿದ್ದಿತು. ಅದನ್ನು ಹಳೆಯದಾಗಿಯೂ ಯಾರೂ ಮಾರುವುದಿಲ್ಲ.

ಮುಕ್ಕಾಲಿಗೆ ಹಣ ಉಳಿಯಲಿಲ್ಲ. ಹೆಂಡತಿ ಹಳೆಯ ದಿಂಬಿನ ಚೀಲಕ್ಕೆ ಎರಡು ಸೇರು ರಾಗಿ ತುಂಬಿ ಹೊಲಿದು ಕೊಟ್ಟಳು. ಬಂಡೆಯ ಮೇಲೆ ಅದನ್ನಿಟ್ಟು ಮಸೂರವನ್ನು ಒತ್ತಿದರೆ ಅಲುಗಾಟವಿಲ್ಲ. ಬಿಸಿಲೇರಿದ ಮೇಲೆ ನೆಲದಿಂದೇಳುವ ಝಳದಲ್ಲಿ ಎಂತಹ ಗಾಜಾದರೂ ದೂರದ ಹಕ್ಕಿಯನ್ನು ನೀರಿನೊಳಗಿನ ಹಕ್ಕಿಯಂತೆ ಕದಡುವುದು; ಆದುದರಿಂದ ಒಂಬತ್ತರೊಳಗೆ ಮನೆಗೆ ಮರಳುವುದು ನನಗೂ ಹಕ್ಕಿಗೂ ಹಿತ.

ಮರುವರ್ಷ ಅದೇ ಬಯಲಿನಲ್ಲಿ, ಯಾರೋ ಮನೆ ಕಟ್ಟಲು ಸುರಿದಿದ್ದ ಜಲ್ಲಿಯ ಅಂಚಿನಲ್ಲಿ, ಟಿಟ್ಟಿಭ ಮತ್ತೆ ಕುಳಿತಿತ್ತು. ಅದೇ ಹಕ್ಕಿಯೆಂದು ಹೇಳಲಾರೆನು. ಮೂವತ್ತು ಹೆಜ್ಜೆಯ ಮೇಲೆ ಮತ್ತಷ್ಟು ದೂರದಲ್ಲಿ ಚೀಲವನ್ನಿಟ್ಟು, ಐದು ನಿಮಿಷದಲ್ಲಿ ಮೂರು ಚಿತ್ರ ತೆಗೆದು ಬಂದೆನು. ಹಕ್ಕಿ ಏಳಲಿಲ್ಲ, ಕೂಗಲೂ ಇಲ್ಲ.

ಆ ಚಿತ್ರ ನಮ್ಮ ನಡುಮನೆಯಲ್ಲಿದೆ. ಅದರ ಮೇಲ್ಗಡೆ ತಾರಸಿ ಸೋರಿದ ಕಲೆಯೂ ಇದೆ. ಮೊನ್ನೆ ಮೊಮ್ಮಗಳು ಅದನ್ನು ನೋಡಿ, "ತಾತ, ಮೊಟ್ಟೆಗಳೇ ಕಾಣಿಸೋದಿಲ್ಲವಲ್ಲ!" ಎಂದಳು. "ಅವು ತಾಯಿಯ ಕೆಳಗಿವೆ, ಮಗು," ಎಂದೆನು.