ಸಾಕು ಎನ್ನುವ ಕೈ

ಮೇಜಿನ ಮೇಲೆ ಪೆನ್ನುಗಳನ್ನು ಸಾಲಾಗಿ ಜೋಡಿಸಿದವರೆಲ್ಲ ನಮ್ಮ ಆಫೀಸಿನಲ್ಲಿ 'ನನಗೆ ಸ್ವಲ್ಪ ಓಸಿಡಿ' ಎಂದು ನಗುತ್ತಾರೆ. ನನಗಿರುವ ಓಸಿಡಿ ನಗುವಂಥದ್ದಲ್ಲ. ಗ್ಯಾಸ್ ನಾಬ್ ತಿರುಗಿಸಿದ್ದನ್ನು ಕಣ್ಣು ಕಂಡಿರುತ್ತದೆ, ಕೈ ಮುಟ್ಟಿರುತ್ತದೆ, ಮನಸ್ಸು ಮಾತ್ರ ಒಪ್ಪುವುದಿಲ್ಲ. ಪುಣೆಯ ಬಾಡಿಗೆ ಮನೆಯ ಮೂರು ಮಹಡಿಗಳನ್ನು ಇಳಿದು ಮತ್ತೆ ಹತ್ತುತ್ತಿದ್ದೆ. ನೋಡಿದೊಡನೆ ಸಮಾಧಾನ. ಆ ಸಮಾಧಾನವೇ ಮುಂದಿನ ಅನುಮಾನಕ್ಕೆ ಗೊಬ್ಬರ.

ಥೆರಪಿಸ್ಟ್ ಮೊದಲು ಕಲಿಸಿದ್ದು ಮೆಟ್ಟಿಲು ಹತ್ತದೆ ಆತಂಕದ ಜೊತೆಗೇ ಇರುವುದನ್ನು. ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್ ಎಂಬ ಈ ವಿಧಾನ, ಅಗತ್ಯವಿದ್ದವರಿಗೆ ಔಷಧಿ, ಇವೇ ಓಸಿಡಿಗೆ ಮುಖ್ಯ ಚಿಕಿತ್ಸೆ. ಮೈಂಡ್‌ಫುಲ್‌ನೆಸ್ ಪಕ್ಕದಲ್ಲಿದ್ದು ನೆರವಾಗುತ್ತದೆ. ಅದು ಯೋಚನೆಯನ್ನು ಓಡಿಸುವುದಿಲ್ಲ. 'ಗ್ಯಾಸ್ ಸೋರುತ್ತಿದೆ' ಎಂದು ಮನಸ್ಸು ಕೂಗಿದಾಗ 'ಹಾಗೊಂದು ಯೋಚನೆ ಬಂದಿದೆ' ಎಂದು ಗಮನಿಸಿ, ಉತ್ತರ ಕೊಡದೆ ಬಿಡುವುದನ್ನು ಕಲಿಸುತ್ತದೆ. ಆದರೆ ಹತ್ತು ಸಲ ಉಸಿರು ಎಣಿಸದಿದ್ದರೆ ಕೇಡಾಗುತ್ತದೆ ಎಂದು ಮನಸ್ಸು ಹಟ ಹಿಡಿದರೆ, ಆ ಉಸಿರೂ ಇನ್ನೊಂದು ಗ್ಯಾಸ್ ನಾಬೇ.

ಆ ತಿಂಗಳುಗಳಲ್ಲಿ ಗೆಳೆಯನೊಬ್ಬ ಕೆಲವು ಕಲ್ಲುಗಳ ಫೋಟೋ ಕಳಿಸಿದ. ಕೆತ್ತಿದವರು ಅಮೆರಿಕದ ನ್ಯಾಶ್‌ವಿಲ್‌ನ ಕಪ್ಪು ಶಿಲ್ಪಿ ವಿಲಿಯಂ ಎಡ್ಮಂಡ್ಸನ್, ಗುಲಾಮರಾಗಿದ್ದ ತಂದೆತಾಯಿಯ ಮಗ. ಆಸ್ಪತ್ರೆಯ ಕೆಲಸ ಹೋದ ಮೇಲೆ, ಅರವತ್ತರ ಹತ್ತಿರ, ಯಾವ ಗುರುವೂ ಇಲ್ಲದೆ ಉಳಿ ಹಿಡಿದರು. ಕೆಡವಿದ ಕಟ್ಟಡಗಳ ಸುಣ್ಣದಕಲ್ಲಿನಲ್ಲಿ ನೆರೆಹೊರೆಯ ಕಪ್ಪು ಜನರಿಗೆ ಗೋರಿಕಲ್ಲು ಕೆತ್ತಿದರು. 1937ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಏಕವ್ಯಕ್ತಿ ಪ್ರದರ್ಶನ ಕಂಡ ಮೊದಲ ಕಪ್ಪು ಕಲಾವಿದ ಅವರು. ಕೆತ್ತು ಎಂದು ದೇವರೇ ಹೇಳಿದ ಎನ್ನುತ್ತಿದ್ದರು. ಅದು ಅವರ ಭಕ್ತಿ. ಅದಕ್ಕೆ ನನ್ನ ಕಾಯಿಲೆಯ ಹೆಸರಿಡುವ ಹಕ್ಕು ನನಗಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಲ್ಲುಗಳ ಮೈ. ಅವರು ಉಜ್ಜಿ ನುಣುಪು ಮಾಡಿಲ್ಲ, ಉಳಿಯ ಗುರುತುಗಳು ಹಾಗೇ ಇವೆ. ಉಳಿಯ ಏಟೂ ಸಾವಿರ ಸಲ ಬೀಳುತ್ತದೆ, ನನ್ನ ಕೈಯೂ ನಾಬನ್ನು ಸಾವಿರ ಸಲ ಮುಟ್ಟಿದೆ. ಅವರ ಕೈಗೆ ಒಂದು ಹೊತ್ತಿನಲ್ಲಿ 'ಸಾಕು' ಎನ್ನಲು ಬರುತ್ತಿತ್ತು.

ಅವರ ಬೆನ್ನಿಗೇ ಅಲಬಾಮದ ಲೋನಿ ಹಾಲಿ ಬಗ್ಗೆ ಓದಿದೆ. 1979ರಲ್ಲಿ ಅವರ ಸೋದರಿಯ ಇಬ್ಬರು ಮಕ್ಕಳು ಮನೆಗೆ ಬಿದ್ದ ಬೆಂಕಿಯಲ್ಲಿ ತೀರಿಕೊಂಡರು. ಗೋರಿಕಲ್ಲು ಕೊಳ್ಳಲು ಹಣವಿರಲಿಲ್ಲ. ಎರಕದ ಕಾರ್ಖಾನೆ ಎಸೆದ, ಮರಳುಗಲ್ಲಿನಂಥ ತುಂಡುಗಳಲ್ಲಿ ಹಾಲಿ ತಾವೇ ಕೆತ್ತಿದರು. ಅವರ ಶಿಲ್ಪಕಲೆ ಶುರುವಾದದ್ದು ಅಲ್ಲಿಂದ. ನಾನು ವರ್ಷಗಟ್ಟಲೆ ಹೆದರಿದ ಬೆಂಕಿ ಆ ಮನೆಯಲ್ಲಿ ನಿಜವಾಗಿತ್ತು. ಓದಿದ ಕೂಡಲೇ ಎದ್ದು ಅಡುಗೆಮನೆಗೆ ಹೋಗಬೇಕೆನಿಸಿತು. ಹೋಗಲಿಲ್ಲ. ಎದೆ ಹೊಡೆದುಕೊಳ್ಳುತ್ತಿದ್ದರೂ ಕೊನೆಯವರೆಗೆ ಓದಿದೆ.

2014ರಲ್ಲಿ ಸೋಲ್ಸ್ ಗ್ರೋನ್ ಡೀಪ್ ಪ್ರತಿಷ್ಠಾನ ಅಮೆರಿಕದ ದಕ್ಷಿಣದ ಇಂಥ ಕಪ್ಪು ಕಲಾವಿದರ 57 ಕೃತಿಗಳನ್ನು ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟಿತು. ಎಡ್ಮಂಡ್ಸನ್, ಹಾಲಿ ಕಲ್ಲು ಕೆತ್ತಿದ್ದು ತಮ್ಮವರ ಸಾವಿಗೆ ಗುರುತು ಬೇಕಿತ್ತೆಂದು. ನನ್ನಂಥವರ ಮನಶ್ಶಾಂತಿಗೆಂದು ಅವರು ಉಳಿ ಹಿಡಿಯಲಿಲ್ಲ. ಅಷ್ಟನ್ನು ನೆನಪಿಟ್ಟುಕೊಂಡೇ ಅವರಿಂದ ಕಲಿಯುತ್ತೇನೆ.

ಈಗ ಭಾನುವಾರ ಜೇಡಿಮಣ್ಣಿನ ತರಗತಿಗೆ ಹೋಗುತ್ತೇನೆ. ಬಟ್ಟಲಿನ ಅಂಚು ಸೊಟ್ಟಗಾದರೆ ಮನಸ್ಸು 'ಮತ್ತೊಂದು ಸಲ' ಎನ್ನುತ್ತದೆ. ಬೆರಳು ತೆಗೆಯುತ್ತೇನೆ. ಆತಂಕ ಇರುವಷ್ಟು ಹೊತ್ತು ಇರಲಿ. ಬಟ್ಟಲು ತನ್ನ ಪಾಡಿಗೆ ಒಣಗುತ್ತದೆ.