ಹಳೆಯ ಟ್ರಕ್ಕಿಗೆ ಹೊಸ ಕಿಡಿ

ಶಬ್ದಶಾಸ್ತ್ರವನ್ನು ನಂಬಿ ಬದುಕಿದ ಕನ್ನಡ ಪಂಡಿತನೊಬ್ಬನು ಮೋಟಾರು ಯಂತ್ರವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕ ಮಹಾಶಯರು ಹುಬ್ಬೇರಿಸಿದರೆ ಅದು ಸಹಜವೇ. ಸಂಪಾದಕರು ನನ್ನಿಂದ ಅಪೇಕ್ಷಿಸಿದ್ದು ವ್ಯಾಕರಣ ವಿಷಯವಾದ ಲೇಖನವನ್ನು. ನಾನು ನಿವೇದಿಸುತ್ತಿರುವುದು ಹೆಸರಘಟ್ಟದ ನಮ್ಮ ತೋಟದ ಟ್ರಕ್ಕಿನ ವೃತ್ತಾಂತವನ್ನು. ವ್ಯಾಕರಣವು ಇದರೊಳಗೂ ಸ್ವಲ್ಪ ನುಸುಳಿದೆಯಾದುದರಿಂದ ಅವರು ಮನ್ನಿಸುವರೆಂಬ ಭರವಸೆಯಿದೆ.

ಆ ವಾಹನ 1968ರದು. ಮಹೀಂದ್ರಾ ಸಂಸ್ಥೆಯವರು ವಿಲ್ಲಿಸ್ ಜೀಪಿನ ಎಂಜಿನ್ನನ್ನಿಟ್ಟು ತಯಾರಿಸುತ್ತಿದ್ದ ಎಫ್.ಸಿ. 150 ಎಂಬ ಮಾದರಿ. ಅದಕ್ಕೆ ಮುಂದೆ ಚಾಚಿದ ಮೂತಿಯಿಲ್ಲ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು ಚಾಲಕನ ಮಗ್ಗುಲಲ್ಲಿಯೇ ಒಂದು ಪೆಟ್ಟಿಗೆಯೊಳಗೆ ಕುಳಿತಿರುತ್ತದೆ. ಬೇಸಗೆಯಲ್ಲಿ ಅದರ ಪಕ್ಕದಲ್ಲಿ ಕುಳಿತು ಯಶವಂತಪುರದವರೆಗೆ ಹೋಗಿಬಂದವರಿಗೆ ಅಡಿಗೆಯವರ ಕಷ್ಟ ಏನೆಂಬುದು ತಿಳಿಯುತ್ತದೆ. ತಂದೆಯವರು ಹರಾಜಿನಲ್ಲಿ ಕೊಂಡ ಈ ಟ್ರಕ್ಕು ಅನಂತರ ಅಣ್ಣನವರ ಕೈಗೆ ಬಂದು, ಸೇವಂತಿಗೆಯ ಮೂಟೆಗಳನ್ನೂ ಸೀಬೆಹಣ್ಣಿನ ಮಂಕರಿಗಳನ್ನೂ ಹೊತ್ತು, ನಮ್ಮ ಮನೆಯ ಮೂವರು ಹೆಣ್ಣುಮಕ್ಕಳ ಮದುವೆಯ ಸಾಮಾನನ್ನೂ ಸಾಗಿಸಿತು.

ಈಚಿನ ವರ್ಷಗಳಲ್ಲಿ ಅದು ದಾರಿಯಲ್ಲಿ ನಿಲ್ಲತೊಡಗಿತು. ಕಾರಣ ಎಲ್ಲರಿಗೂ ಗೊತ್ತಿತ್ತು: ಪಾಯಿಂಟು ಮತ್ತು ಕಂಡೆನ್ಸರು. ಪಾಯಿಂಟಿನ ಸಂದನ್ನು ಸಿಗರೇಟು ಪೊಟ್ಟಣದ ರಟ್ಟಿನಿಂದಲೇ ಅಳೆದು, ಎಂಜಿನ್ನಿನ ಸದ್ದನ್ನು ಕಿವಿಯಿಂದ ಪರೀಕ್ಷಿಸಿ ಸರಿಪಡಿಸುತ್ತಿದ್ದ ಮೇಸ್ತ್ರಿಗಳು ಕಾಲವಾದರು. ಪೇಟೆಯಲ್ಲಿ ನಮಗೆ ದೊರೆಯುತ್ತಿದ್ದ ಕಂಡೆನ್ಸರುಗಳು ಎರಡು ತಿಂಗಳು ಬಾಳಿದರೆ ಹೆಚ್ಚು. ಅಣ್ಣನವರ ಮಗ ಒಂದು ದಿನ ಊಟದ ಹೊತ್ತಿನಲ್ಲಿ, “ಈ ಎಂಜಿನ್ ಇಳಿಸಿಬಿಡೋಣ ಚಿಕ್ಕಪ್ಪ, ಡೀಸೆಲ್ ಎಂಜಿನ್ ಕೂರಿಸೋಣ. ನೀವೇ ಅಪ್ಪನಿಗೆ ಹೇಳಿ” ಎಂದನು. ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ನಮ್ಮ ಸೀಮೆಯ ಪೆಟ್ರೋಲ್ ಜೀಪುಗಳು ಎಷ್ಟೋ ಹಾಗೆಯೇ ಡೀಸೆಲ್ಲಿಗೆ ಒಲಿದವು. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆ ಸ್ಪಾರ್ಕ್ ಪ್ಲಗ್ಗನ್ನೂ ತಯಾರಿಸಿತು, ಪ್ಲಗ್ಗೇ ಬೇಡವೆನ್ನುವ ಡೀಸೆಲ್ ಪಂಪನ್ನೂ ತಯಾರಿಸಿತು. ಲಾರಿಗಳ ಲೋಕದಲ್ಲಿ ಗೆದ್ದದ್ದು ಎರಡನೆಯದು. ಆದರೆ ಅಣ್ಣನವರು ಆ ಮಾತು ಕಿವಿಗೆ ಬಿದ್ದ ಮೇಲೆ ಮಗನೊಡನೆ ಎರಡು ದಿನ ಮಾತನಾಡಲಿಲ್ಲ. ಎಪ್ಪತ್ತು ದಾಟಿದವರು. ತಂದೆಯವರ ಕೈ ತಾಗಿದ ಎಂಜಿನ್ನು ಗುಜರಿಗೆ ಹೋಗುವುದೆಂದರೆ ಅವರಿಗೆ ಏನಾಗುವುದೆಂದು ನಾನು ಬಲ್ಲೆ.

ನಡುಹಾದಿಯನ್ನು ತೋರಿಸಿದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಗ್ಯಾರೇಜು ನಡೆಸುವವನು. “ಮೇಷ್ಟ್ರೇ, ಎಂಜಿನ್ ಚೆನ್ನಾಗೇ ಇದೆ, ಕಿಡಿ ಕೊಡೋದು ಮಾತ್ರ ಕೆಟ್ಟಿದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡೋಣ” ಎಂದನು. ಭಾನುವಾರ ಮುಂಜಾನೆ ಕೆಲಸ ಆರಂಭವಾಯಿತು. ಬ್ಯಾಟರಿ ದೀಪ ಹಿಡಿಯುವ ಕಾರ್ಯ ನನ್ನದಾಯಿತು.

ಆವರೆಗೆ ನಾನು ತಿಳಿದಿದ್ದುದು, ಎರಡು ಲೋಹಗಳು ಕೂಡಿದಾಗ ಕಿಡಿ ಹುಟ್ಟುತ್ತದೆಂದು. ನಿಜವು ಇದಕ್ಕೆ ತದ್ವಿರುದ್ಧ. ಪಾಯಿಂಟುಗಳು ಕೂಡಿರುವಾಗ ಬ್ಯಾಟರಿಯ ವಿದ್ಯುತ್ತು ಕಾಯಿಲಿನ ಮೊದಲ ಸುರುಳಿಯಲ್ಲಿ ಹರಿದು ಕಾಂತಶಕ್ತಿಯನ್ನು ತುಂಬುತ್ತದೆ. ಅವು ಅಗಲಿದ ಕ್ಷಣದಲ್ಲಿ ಆ ಶಕ್ತಿ ಒಮ್ಮೆಗೇ ಕುಸಿಯುತ್ತದೆ. ಆ ಕುಸಿತದಿಂದ ಎರಡನೆಯ ಸುರುಳಿಯಲ್ಲಿ 12 ವೋಲ್ಟು ಸಾವಿರಾರು ವೋಲ್ಟುಗಳಾಗಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಕಿಡಿ ಹುಟ್ಟುವುದು ಅಗಲಿಕೆಯಿಂದ! ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಈ ಅಗಲಿಕೆ 4000 ಬಾರಿ ನಡೆಯಬೇಕು. ಅಗಲುವ ಬಾಯಿಯಲ್ಲಿಯೇ ವಿದ್ಯುತ್ತು ಜಿಗಿದು ಲೋಹವನ್ನು ಸುಡದಂತೆ ಕಂಡೆನ್ಸರು ಅದನ್ನು ತನ್ನೊಳಗೆ ಹೀರಿಕೊಳ್ಳುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ಈ ಉಪಾಯ 1910ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದು, ಅರ್ಧ ಶತಮಾನಕ್ಕೂ ಮಿಕ್ಕಿ ಲೋಕದ ಪೆಟ್ರೋಲ್ ಗಾಡಿಗಳನ್ನು ಓಡಿಸಿತು. ಒಂದಕ್ಕೊಂದು ಬಡಿದುಕೊಳ್ಳುವ ಲೋಹ ಸವೆಯದೆ ಇರುವುದಿಲ್ಲ. ಅದೊಂದೇ ಅದರ ದೋಷ.

ಹುಡುಗನು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟನ್ನೂ ಕಂಡೆನ್ಸರನ್ನೂ ಬಿಚ್ಚಿದನು. ಪಾಯಿಂಟು ಇದ್ದ ಸ್ಥಳದಲ್ಲಿ ಒಂದು ಪುಟ್ಟ ಕಪ್ಪು ತುಂಡನ್ನು ಕೂರಿಸಿ, ನಡುವಿನ ದಂಡಕ್ಕೆ ಅಯಸ್ಕಾಂತಗಳುಳ್ಳ ಬಳೆಯೊಂದನ್ನು ತೊಡಿಸಿದನು. ಅಯಸ್ಕಾಂತ ಹಾದುಹೋಗುವುದನ್ನು ಆ ತುಂಡು ಮುಟ್ಟದೆಯೇ ಅರಿತು ವಿದ್ಯುತ್ತನ್ನು ಕಡಿಯುತ್ತದೆ. ಮುಟ್ಟುವುದೇ ಇಲ್ಲವಾದ್ದರಿಂದ ಸವೆತವೂ ಇಲ್ಲ. ನೋಡುತ್ತಾ ನಾನೆಂದೆ: “ಪಾಯಿಂಟಿನ ಸ್ಥಾನದಲ್ಲಿ ಇದು ಬಂದದ್ದು ಆದೇಶ, ಬೆಟ್ಟದಾವರೆಯಲ್ಲಿ ತಕಾರಕ್ಕೆ ದಕಾರ ಬಂದಂತೆ. ಕಂಡೆನ್ಸರು ಹೋದದ್ದು ಲೋಪ. ಈ ಕೆಂಪು ತಂತಿ ಹೊಸದಾಗಿ ಬಂದಿದೆ, ಇದು ಆಗಮ.” ಅವನು ತಲೆಯೆತ್ತದೆ, “ಆವಾಗ ಹೀಗೆ ಹೇಳಿಕೊಟ್ಟಿದ್ರೆ ನಾನೂ ಸಂಧಿ ಕಲೀತಿದ್ದೆ ಮೇಷ್ಟ್ರೇ” ಎಂದನು. ಅಣ್ಣನವರು ಅಂದು ಮೊದಲ ಬಾರಿಗೆ ನಕ್ಕರು.

ತಂತಿಗಳು ಎರಡೇ. ಕಪ್ಪು ತಂತಿ ಕಾಯಿಲಿನ ಋಣ ತುದಿಗೆ. ಕೆಂಪು ತಂತಿ ಕೀಲಿಯ ಕಡೆಯಿಂದ ಪೂರ್ಣ 12 ವೋಲ್ಟು ಬರುವೆಡೆಗೆ. ಕೆಲವು ಗಾಡಿಗಳಲ್ಲಿ ಕಾಯಿಲಿನ ದಾರಿಯಲ್ಲಿ ವೋಲ್ಟನ್ನು ತಗ್ಗಿಸುವ ಬ್ಯಾಲಸ್ಟ್ ಎಂಬ ತಡೆ ಇರುತ್ತದೆ. ಕೆಂಪು ತಂತಿಯನ್ನು ಅದಕ್ಕಿಂತ ಹಿಂದೆಯೇ ಜೋಡಿಸಬೇಕು. ಬ್ಯಾಟರಿಯ ಯಾವ ತುದಿ ಗಾಡಿಯ ಮೈಗೆ ಸೇರಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಹಳೆಯ ವಾಹನಗಳು ಕೆಲವಕ್ಕೆ ಧನ ತುದಿಯೇ ಅರ್ತು. ಅಂಥದಕ್ಕೆ ಇದನ್ನು ಜೋಡಿಸಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದಂತೆ. ನಮ್ಮದು ಋಣ ತುದಿಯ ಅರ್ತಾದುದರಿಂದ ಆ ಭಯವಿರಲಿಲ್ಲ.

ಆದರೂ ಎಂಜಿನ್ನು ಏಳಲಿಲ್ಲ. ಸೆಲ್ಫು ತಿರುಗಿತು, ಕಿಡಿ ಇಲ್ಲ. ಅಣ್ಣನವರ ಮಗ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ; ಅವನ ಮುಖದಲ್ಲಿ ಡೀಸೆಲ್ ಎಂಬ ಅಕ್ಷರಗಳು ಸ್ಪಷ್ಟವಾಗಿದ್ದವು. ಅಣ್ಣನವರು ಎದ್ದು ಹೋಗಿ ಮಾವಿನ ಮರದ ಕೆಳಗೆ ನಿಂತರು. ಹುಡುಗ ಮಾತ್ರ ಧೈರ್ಯಗೆಡದೆ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ತಂತಿಯನ್ನು ಪರೀಕ್ಷಿಸಿದನು. ಮುಕ್ಕಾಲು ಗಂಟೆಯ ಬಳಿಕ ಸಿಕ್ಕಿತು: ಡಿಸ್ಟ್ರಿಬ್ಯೂಟರಿನೊಳಗಿನ ತಟ್ಟೆಗೂ ಅದರ ಮೈಗೂ ನಡುವೆ ಹಳೆಯ ಜಿಡ್ಡು ಮತ್ತು ತುಕ್ಕು. ಅರ್ತಿಂಗ್ ಇಲ್ಲದೆ ಹೊಸ ತುಂಡಿಗೆ ಜೀವವೇ ಬಂದಿರಲಿಲ್ಲ. ಉಪ್ಪುಕಾಗದದಿಂದ ಉಜ್ಜಿ, ತಟ್ಟೆಯಿಂದ ಮೈಗೆ ಬೇರೊಂದು ತಂತಿಯನ್ನೆಳೆದು, ಕೀಲಿ ತಿರುಗಿಸಿದಾಗ ಎಂಜಿನ್ನು ಒಂದೇ ಎಳೆತಕ್ಕೆ ಎದ್ದಿತು. ಅನಂತರ ಟೈಮಿಂಗ್ ದೀಪ ಹಿಡಿದು, ಕಿಡಿ 5 ಡಿಗ್ರಿ ಮುಂಚಿತವಾಗಿ ಬೀಳುವಂತೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿಮಾಡಿದನು. ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ನಾಲ್ಕು ಸಿಲಿಂಡರುಗಳೂ ಲಯ ತಪ್ಪದೆ ನುಡಿದವು.

ಅಣ್ಣನವರು ಮರದ ಕೆಳಗಿನಿಂದ ಬಂದು, ಪೆಟ್ಟಿಗೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಇದು ಕೆಟ್ಟರೆ ದಾರೀಲಿ ಏನಪ್ಪಾ ಮಾಡೋದು?” ಸರಿಯಾದ ಪ್ರಶ್ನೆ. ಪಾಯಿಂಟು ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟು ಕೆಡುತ್ತದೆ, ಉಜ್ಜಿದರೆ ಮನೆ ಸೇರಿಸುತ್ತದೆ. ಈ ಕಪ್ಪು ತುಂಡು ಕೆಟ್ಟರೆ ಅಲ್ಲಿಗೆ ಮುಗಿಯಿತು. ಬಿಚ್ಚಿ ರಿಪೇರಿ ಮಾಡುವ ವಸ್ತುವಲ್ಲ. ಎಂಜಿನ್ನು ನಿಲ್ಲಿಸಿ ಕೀಲಿಯನ್ನು ಹಾಗೆಯೇ ಬಿಟ್ಟರೆ ಕಾಯಿಲೂ ತುಂಡೂ ಕಾದು ಕೆಡಬಹುದೆಂದು ಹುಡುಗ ಎಚ್ಚರಿಸಿದನು. ಆದುದರಿಂದ ಬಿಚ್ಚಿದ ಪಾಯಿಂಟು, ಕಂಡೆನ್ಸರು, ಒಂದು ತಿರುಪುಳಿ, ಒಂದು ಚೂರು ಉಪ್ಪುಕಾಗದ, ಇವನ್ನು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಸೀಟಿನ ಕೆಳಗೆ ಸೇರಿಸಿದ್ದಾರೆ.

ಅದಾಗಿ ಎರಡು ಮಳೆಗಾಲ ಕಳೆದಿವೆ. ಡಬ್ಬಿಯನ್ನು ತೆರೆಯುವ ಸಂದರ್ಭ ಬಂದಿಲ್ಲ. ಕಾರ್ಬ್ಯುರೇಟರು ಮಾತ್ರ ಈಗೀಗ ಪೆಟ್ರೋಲ್ ಸೋರಿಸುತ್ತಿದೆ. ಅಣ್ಣನವರ ಮಗ ಅದನ್ನು ತಾನೇ ಬಿಚ್ಚಿ ಗ್ಯಾರೇಜಿಗೆ ಒಯ್ದಿದ್ದಾನೆ.